ಸೀಸೆಯೊಳಗೆ ಗೋಲಿ

ತೀನ್ ಕಂದೀಲಿನಿಂದ ಎಡಕ್ಕೆ ಮೂರನೇ ಗಲ್ಲಿ,
ಮಿಠಾಯಿ ಅಂಗಡಿಯ ಬೆನ್ನಿಗೆ ಅಂಟಿದ ಕತ್ತಲೆ ಕೋಣೆ.
ಅಲ್ಲಿ ನನಗೆ ಹದಿನಾರು, ಮೌಲಾಸಾಬರಿಗೆ ಅರವತ್ತು,
ಕೆಂಪು ಬಲ್ಬಿಗೆ ಎಷ್ಟೋ.

ಮೊದಲ ದಿನ ಅಂಗೈಗೆ ಸುರಿದರು ಬಿಳಿ ಹರಳು.
"ಸಕ್ಕರಿ ಅಲ್ಲಲೇ ಯಂಕೋಬ, ನೆಕ್ಕಬ್ಯಾಡ.
ಹೈಡ್ರೋಕ್ವಿನೋನ್. ಒಣಗಿದ್ದಾಗ ಸಾಧು,
ನೀರಿಗಿಳಿದರ ಅರ್ಧ ಎಚ್ಚರ,
ಸೋಡಾ ಕೂಡಿತಂದ್ರ ಮಾತ್ರ
ಕೊಡಾಕ ಕೈ ತುರಸ್ತದ ಅದಕ್ಕ."

ಕೊಡುವುದೇನು? ಎಲೆಕ್ಟ್ರಾನು, ಎರಡೇ ಎರಡು.
ಬೆಳಕು ಮುಟ್ಟಿದ ಬೆಳ್ಳಿಗೆ ಕೊಟ್ಟರೆ
ಮುಖ ಮೂಡುತ್ತದೆ,
ಕೊಟ್ಟದ್ದು ತಾನು ಕ್ವಿನೋನ್ ಆಗಿ ಹಳದಿಗೆ ಬೀಳುತ್ತದೆ.
ಆದರೆ ಬಿರಡೆಯ ಸಂದಿಯಲ್ಲಿ ಗಾಳಿ ಕಾದಿರುತ್ತದಲ್ಲ,
ಅದಕ್ಕೂ ಬೇಕು ಅದೇ.
ಬೆಳ್ಳಿಯ ಪಾಲು ಗಾಳಿಗೆ ಹೋದರೆ
ಯಾರ ಮುಖವೂ ಇಲ್ಲ,
ಸೀಸೆಯ ತುಂಬ ಮೂರು ಸಲ ಕುದಿಸಿದ ಚಹಾ.

ಹೆಚ್ಚಿಟ್ಟ ಬದನೆ ಕಪ್ಪಾಗುವುದೂ ಇದೇ ಲೆಕ್ಕ.
ಹುಣಸೆ ನೀರಿಗೆ ಹಾಕುತ್ತಿದ್ದಳು ಅವ್ವ, ಕಾರಣ ಕೇಳದೆ.
ನಮ್ಮಲ್ಲಿ ಸಿರ್ಕಾ. ಒಂದು ಅದ್ದು,
ಕೊಡುವವರೂ ಕಸಿಯುವವರೂ
ಕೈ ಕಟ್ಟಿ ಕೂಡುತ್ತಾರೆ.
ಸಲ್ಫೈಟು ಬೇರೆ, ಅದು ಬಾಗಿಲ ಕಾವಲು:
ಒಳಗೆ ಬಂದ ಗಾಳಿಗೆ ಮೊದಲು ತನ್ನ ಮೈ ಕೊಡುವುದು.

ಇಷ್ಟಾದರೂ ರಾಯಚೂರಿನ ಮೇ ತಿಂಗಳು.
ಬಿಸಿಲಿಗೆ ಗಾಳಿಗೂ ಅವಸರ.
ಅದಕ್ಕೇ ಗೋಲಿ.
ನೀರು ಬಳಸಿದಷ್ಟೂ ಗೋಲಿ ಇಳಿಸಬೇಕು ಸೀಸೆಗೆ,
ಕಂಠದವರೆಗೆ ನೀರೇ ಏರಿ ನಿಲ್ಲಬೇಕು.
"ಜಾಗಾ ಖಾಲಿ ಬಿಟ್ಟೆಪ್ಪಾ ಅಂದ್ರ
ಗಾಳಿ ಅಲ್ಲೇ ಸಂಸಾರ ಹೂಡ್ತದ."

ರೈಲ್ವೆ ಕ್ವಾರ್ಟರ್ಸಿನ ಹಿಂದೆ ಹುಡುಗರು ಗುಣಿ ತೋಡಿದ್ದರು.
ನನ್ನ ಹತ್ತಿರ ಗೋಲಿ ಇರಲಿಲ್ಲ.
ಸೀಸೆಯಲ್ಲಿ ಇದ್ದವು.

ಮರುದಿನ ಹತ್ತಿ ಜಿನ್ನಿನಿಂದ ಹನ್ನೊಂದು ಹೆಂಗಸರು,
ಕೆಲಸ ಬಿಟ್ಟು ಸೀದಾ, ತಲೆ ಕೊಡವಿಕೊಳ್ಳದೆ.
ಅವರಲ್ಲಿ ದುರುಗಮ್ಮ ರಾತ್ರಿ ಗಾಡಿಗೆ
ಗುಂತಕಲ್ಲಿಗೆ ಹೋಗುವವಳು, ತಿರುಗಿ ಬರುವುದಿಲ್ಲ.
"ಇವತ್ತೇ ಕೊಡ್ರಿ ಸಾಬ್ರ, ಎಲ್ಲಾರೂ ಕೂಡಿದ್ದು."
ಕ್ಲಿಕ್.

ಒಳಗೆ ಬಂದು ಸೀಸೆ ಎತ್ತಿದರು ಮೌಲಾಸಾಬರು.
ಕಂದು. ಅರ್ಧಕ್ಕರ್ಧ ಖಾಲಿ.
ನಾನು ಕಾಲು ಬದಲಿಸಿದೆ,
ಜೇಬಿನೊಳಗೆ ಗಾಜಿಗೆ ಗಾಜು ತಾಗಿತು.
ಅವರು ಕೇಳಿಸಿಕೊಂಡರು. ಏನೂ ಅನ್ನಲಿಲ್ಲ.
ಹೊಸ ಪುಡಿ ಬರುವುದು ಶುಕ್ರವಾರ.

ಒಂದು ಚಮಚ ಸೋಡಾ, ಮೇಲೆ ಅರ್ಧ.
"ಉಳದದ್ದು ಎಷ್ಟದನೋ ಅಷ್ಟೂ ಒಮ್ಮೆಲೇ ಕೊಡಲಿ.
ನಾಳಿಗೇನು ಇಟಗೊಳ್ಳೋದದ?"
ಕತ್ತಲೆಯಲ್ಲಿ ಎಣಿಸಿದೆವು, ಅವರು ಉರ್ದುವಿನಲ್ಲಿ,
ನಾನು ಬಾಯಿ ಬಿಡದೆ.

ಚಿತ್ರ ಬಂತು. ಅಂದರೆ, ಕತ್ತಲೆ ಬಂತು,
ಮುಖಗಳ ಜಾಗದಲ್ಲಿ.
ಬಿಳಿ ಮಾತ್ರ ಉಳಿದಿತ್ತು:
ಹುಬ್ಬಿನ ಮೇಲೆ, ಕಿವಿಯ ಹಿಂದೆ, ಸೆರಗಿನ ಅಂಚಿಗೆ
ಕೂತ ಹತ್ತಿಯ ಎಳೆ.
ಎರಡು ಮೂಗುತಿ. ಒಂದು ನಗುವಿನ ಹಲ್ಲು.

ನಾನು ಬೈಗುಳಕ್ಕೆ ನಿಂತಿದ್ದೆ.
ಅವರು ಕಾಗದಕ್ಕೆ ಬಗ್ಗಿದರು, ಹನ್ನೊಂದೂ ತಲೆ.
"ಬಲಗಿವಿ ಮ್ಯಾಲ ಕೂತದ ನೋಡು, ಇಕಿ ನಾನ."
"ಇದು ಈರಮ್ಮ, ಆಕಿಗಿ ಯಾವತ್ತೂ ಬೈತಲಿಗೇ ಬೀಳ್ತದ."
"ದುರುಗಿ ಎಲ್ಲದಾಳ?"
ಹಲ್ಲಿನ ಮೇಲೆ ಬೆರಳಿಟ್ಟರು.
ಒದ್ದೆ ಆರುವ ಮೊದಲೇ ಒಯ್ದಳು, ಸೆರಗಿನಲ್ಲಿ ಸುತ್ತಿ.

ಆ ಸಂಜೆ ಗೋಲಿ ತೊಳೆದು ಒಂದೊಂದೇ ಇಳಿಸಿದೆ,
ಅವರು ಎಣಿಸಿದರು.
ಏಳು. ಎಂಟನೆಯದನ್ನು ನಾನು ಸೋತಿದ್ದೆ.
ಕಂಠದ ಕೆಳಗೆ ಉಳಿಯಿತು
ಒಂದು ಗೋಲಿಯಷ್ಟು ಗಾಳಿ.
ಬೇರೆ ತಂದು ಹಾಕಬಹುದಿತ್ತು, ಅವರು ಬಿಡಲಿಲ್ಲ.
"ಇರಲಿ," ಅಂದರು,
"ಅದೂ ಒಂದೀಟು ತಿನ್ಲಿ."